ಪದಚರ್ಚೆ: ಸೆನ್ಸರ್ ‘ಕೆಟ್ಟಿದೆ’ಯೋ, ಪೈಪು ‘ಕಟ್ಟಿದೆ’ಯೋ?

ಪ್ರಶ್ನೆ, ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಡೀಸೆಲ್ ಗಾಡಿಗಳ ಎಕ್ಸಾಸ್ಟ್ ಪ್ರೆಶರ್ ಸೆನ್ಸರಿನ ದೋಷ ಪತ್ತೆ ಮಾಡುವ ಎರಡು ಪುಟದ ಸೂಚನೆ ಕನ್ನಡಕ್ಕೆ ಬರಬೇಕಾಗಿದೆ. ಓದುವವರು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು. ನಿಘಂಟು ನೋಡಿ ‘ನಿಷ್ಕಾಸ ಒತ್ತಡ ಸಂವೇದಕ’ ಎಂದು ಬರೆದಿದ್ದೇನೆ, ನಡೆದೀತೇ? ಸ್ಕ್ಯಾನರ್ ತೋರಿಸುವ ದೋಷದ ಕೋಡುಗಳನ್ನು ಹೀಗೆ ಕನ್ನಡಿಸಿದ್ದೇನೆ: ಪಿ0471 ‘ವ್ಯಾಪ್ತಿ ಮತ್ತು ಸಾಧನೆಯ ದೋಷ’, ಪಿ0472 ‘ಒತ್ತಡ ಕಡಿಮೆ’, ಪಿ0473 ‘ಒತ್ತಡ ಹೆಚ್ಚು’, ಪಿ0474 ‘ಮಧ್ಯಂತರ ದೋಷ’. ಇನ್ನೊಂದು ತೊಡಕು: ಪೈಪು ಬ್ಲಾಕ್ ಆದರೂ ಸೆನ್ಸರ್ ಫೇಲ್ ಆದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಹೋಗಿದೆ’ ಒಂದೇ. ಬರಹದಲ್ಲಿ ಏನು ಮಾಡುವುದು?

ಉತ್ತರ, ಶಿವಮೊಗ್ಗದಿಂದ:

‘ನಿಷ್ಕಾಸ’ ತಪ್ಪಲ್ಲ. ಆದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನಿಂತು ಆ ಪದ ಹೇಳಿದರೆ ಯಾರೂ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದಿಲ್ಲ. ‘ಹೊಗೆ ಒತ್ತಡದ ಸೆನ್ಸರ್’ ಎಂದು ಬರೆಯಿರಿ. ಕಣ್ಣಿಗೆ ಕಾಣದ ಅನಿಲವೂ ಹೊಗೆಯಾಗುತ್ತದೆಯೇ ಎಂದು ಯಾರಾದರೂ ತಕರಾರು ತೆಗೆದಾರು. ಆದರೆ ‘ಹೊಗೆ ಟೆಸ್ಟ್’ ಎನ್ನುವಾಗ ಊರೆಲ್ಲ ಒಪ್ಪಿಕೊಂಡ ಅರ್ಥ ಅದೇ. ‘ಬ್ಯಾಕ್ ಪ್ರೆಶರ್’ ಬಂದಲ್ಲಿ ಮಾತ್ರ ‘ಹಿನ್ನೊತ್ತಡ’ ಬಳಸಿ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟೆ ಅಡ್ಡ ಬಂದದ್ದರಿಂದ ಹಿಂದಕ್ಕೆ ಏರಿ ನಿಂತದ್ದು ಹಿನ್ನೀರು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಅಡ್ಡ ಬಂದು ಎಂಜಿನ್ ಕಡೆಗೆ ಏರುವುದು ಹಿನ್ನೊತ್ತಡ. ನಮ್ಮ ಕಡೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಕೋಡುಗಳಲ್ಲಿ 0472, 0473 ಎರಡೂ ತಪ್ಪು, ದುಡ್ಡು ಕಳೆಯುವ ತಪ್ಪು. ಅಲ್ಲಿ ‘ಲೋ’, ‘ಹೈ’ ಎಂದಿರುವುದು ಹೊಗೆಯ ಒತ್ತಡಕ್ಕಲ್ಲ, ಸಿಗ್ನಲ್ ವೈರಿನ ವೋಲ್ಟೇಜಿಗೆ. ‘ಒತ್ತಡ ಹೆಚ್ಚು’ ಎಂದು ಓದಿದ ಹುಡುಗ ಸೈಲೆನ್ಸರ್ ಬಿಚ್ಚಿ ಕೂರುತ್ತಾನೆ, ದೋಷ ಕನೆಕ್ಟರಿನಲ್ಲಿರುತ್ತದೆ. ‘ಸಿಗ್ನಲ್ ವೋಲ್ಟೇಜ್ ತೀರಾ ಕೆಳಗಿದೆ’, ‘ತೀರಾ ಮೇಲಿದೆ’ ಎಂದು ಬಿಡಿಸಿಯೇ ಬರೆಯಿರಿ. ಈ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರು: 5 ವೋಲ್ಟ್ ಪೂರೈಕೆ, ಅರ್ಥ್, ಸಿಗ್ನಲ್. ಪೂರೈಕೆ ತಪ್ಪಿದರೆ ಅಥವಾ ಸಿಗ್ನಲ್ ವೈರು ಗಾಡಿಯ ಲೋಹದ ಮೈಗೆ ತಾಗಿದರೆ 0472. ಅರ್ಥ್ ಕಡಿದರೆ ಅಥವಾ ಸಿಗ್ನಲ್ ವೈರು 5 ವೋಲ್ಟಿನದಕ್ಕೆ ತಾಗಿದರೆ 0473. ಅಂದ ಹಾಗೆ ‘ಅರ್ಥ್ ಇಲ್ಲ’ ಎನ್ನುವುದನ್ನು ‘ಅರ್ಥ ಇಲ್ಲ’ ಎಂದು ಅಚ್ಚು ಹಾಕಿಸಬೇಡಿ, ‘ಅರ್ಥಿಂಗ್’ ಎಂದರೆ ಕ್ಷೇಮ.

ಪರೀಕ್ಷೆಯ ವಾಕ್ಯಗಳನ್ನು ಹೀಗಿಡಬಹುದು. ಕನೆಕ್ಟರ್ ಕಳಚಿ, ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡಬೇಡಿ. ಹಾರ್ನೆಸ್ (ವೈರಿಂಗ್ ಕಟ್ಟು) ಕಡೆಯ ಪೂರೈಕೆ ಪಿನ್ನಿನಲ್ಲಿ 5 ವೋಲ್ಟ್ ಆಸುಪಾಸು ಬರಬೇಕು. ಬರದಿದ್ದರೆ ಆ 5 ವೋಲ್ಟನ್ನೇ ಹಂಚಿಕೊಂಡಿರುವ ಬೇರೆ ಸೆನ್ಸರುಗಳನ್ನು ಒಂದೊಂದಾಗಿ ಕಳಚಿ ನೋಡಿ. ಎಷ್ಟೋ ಸಲ ಅಪರಾಧಿ ಇನ್ನೆಲ್ಲೋ ಇರುತ್ತದೆ. ಪೂರೈಕೆ ಸರಿ ಇದ್ದರೆ ಒಂದು ತುಂಡು ವೈರಿನಿಂದ ಪೂರೈಕೆ ಪಿನ್ನನ್ನೂ ಸಿಗ್ನಲ್ ಪಿನ್ನನ್ನೂ ಸೇರಿಸಿ, ಸ್ಕ್ಯಾನರಿನಲ್ಲಿ ಸಿಗ್ನಲ್ ವೋಲ್ಟೇಜ್ ನೋಡಿ. ಅದು 5ರ ಹತ್ತಿರಕ್ಕೆ ಜಿಗಿದರೆ ಆ ವೈರೂ ಇಸಿಯುವೂ (ಎಂಜಿನ್ ನಡೆಸುವ ಕಂಪ್ಯೂಟರ್) ಸರಿಯಿವೆ. ಜಿಗಿಯದಿದ್ದರೆ ವೈರು ಹಿಡಿದು ಹುಡುಕಬೇಕು, ಹೊಸ ಸೆನ್ಸರ್ ತರಿಸುವ ಮಾತು ಆಮೇಲೆ. ಬ್ಯಾಟರಿಯ 12 ವೋಲ್ಟನ್ನು ಸಿಗ್ನಲ್ ಪಿನ್ನಿಗೆ ತಾಗಿಸಬಾರದು ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ, ಇಸಿಯು ಸುಟ್ಟೀತು.

0474ಕ್ಕೆ ‘ಮಧ್ಯಂತರ’ ಬೇಡ. ಅದು ಬಜೆಟ್ಟಿಗೆ, ಜಾಮೀನಿಗೆ ಹೇಳುವ ಮಾತು, ‘ತಾತ್ಕಾಲಿಕ’ ಎಂಬ ವಾಸನೆ ಹೊಡೆಯುತ್ತದೆ. ಜ್ವರದ ಹಾಗೆ ‘ಬಿಟ್ಟು ಬಿಟ್ಟು ಬರುವ ದೋಷ’ ಎನ್ನಿ. ಇದಕ್ಕೆ ಮದ್ದು ಸ್ಕ್ಯಾನರ್ ನೋಡುತ್ತಾ ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುವುದು. ಮಳೆಗಾಲದಲ್ಲಿ ಕನೆಕ್ಟರಿನೊಳಗೆ ಹಸಿರು ಪುಡಿ ಕಂಡರೆ ‘ತುಕ್ಕು’ ಎಂದು ಬರೆಯಬೇಡಿ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಪಿನ್ನಿಗೆ ಹತ್ತುವುದು ಕಿಲುಬು. ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಕಡಿದ ಗುರುತನ್ನೂ ನೋಡಲು ಹೇಳಿ.

ಇನ್ನು 0471. ‘ವ್ಯಾಪ್ತಿ ಮತ್ತು ಸಾಧನೆ’ ಎಂದರೆ ಕಾಲೇಜಿನ ವಾರ್ಷಿಕ ವರದಿ ಇದ್ದಂತಿದೆ. ವೋಲ್ಟೇಜ್ ಮಿತಿಯೊಳಗೇ ಇದೆ, ಆದರೆ ಎಂಜಿನ್ ಓಡುತ್ತಿರುವ ರೀತಿಗೂ ಸೆನ್ಸರ್ ಹೇಳುವುದಕ್ಕೂ ತಾಳೆಯಾಗುತ್ತಿಲ್ಲ. ‘ಲೆಕ್ಕ ತಾಳೆಯಾಗುತ್ತಿಲ್ಲ’ ಎಂದರೆ ಮುಗಿಯಿತು. ನಿಮ್ಮ ಮೂರನೆಯ ಪ್ರಶ್ನೆಯಾದ ‘ಹೋಗಿದೆ’ಯ ಮೂಲವೂ ಇಲ್ಲೇ ಇದೆ: ಪೈಪು ಬ್ಲಾಕ್ ಆದರೂ ಸೆನ್ಸರ್ ಫೇಲ್ ಆದರೂ ಲೆಕ್ಕ ತಪ್ಪುತ್ತದೆ.

‘ಹೋಗಿದೆ’ಯನ್ನು ಬರಹದಿಂದ ತೆಗೆದುಬಿಡಿ. ಕರೆಂಟ್ ಹೋದರೆ ಬರುತ್ತದೆ, ಬಲ್ಬ್ ಹೋದರೆ ಬರುವುದಿಲ್ಲ. ಆ ಕ್ರಿಯಾಪದಕ್ಕೆ ಎರಡೂ ಒಂದೇ. ನಮಗೆ ಬೇಕಾದ ಎರಡು ಮಾತು ಕನ್ನಡದಲ್ಲಿ ಅಕ್ಕಪಕ್ಕವೇ ಇವೆ: ಸೆನ್ಸರ್ ಕೆಟ್ಟಿದೆ, ಪೈಪು ಕಟ್ಟಿದೆ. ಮೂಗು ಕಟ್ಟಿದರೆ ಮೂಗು ಕೆಟ್ಟಂತಲ್ಲವಷ್ಟೆ. ನಡುವೆ ಇರುವುದು ಒಂದು ಎತ್ವ, ಕೈಬರಹದ ಬಿಲ್ಲಿನಲ್ಲಿ ಅದು ಅಳಿಸಿಹೋಗುವುದೂ ಉಂಟು. ಆದ್ದರಿಂದ ‘ಮಸಿ ಕಟ್ಟಿದೆ’ ಎಂದು ಪೂರ್ತಿ ಬರೆಯುವುದು ಮೇಲು.

ಬೇರ್ಪಡಿಸುವುದು ಹೇಗೆಂದರೆ, ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಇರುವಾಗ, ಪೂರ್ಣ ಒತ್ತಡ ತೋರಿಸುವ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್. ಶಿವಮೊಗ್ಗದ ಎತ್ತರಕ್ಕೆ 95ರ ಹತ್ತಿರ. ಕೈಪಿಡಿಯಲ್ಲಿ 101 ಎಂದಿದೆಯೆಂದು ಇಲ್ಲಿಯ ಹುಡುಗ ಒಳ್ಳೆಯ ಸೆನ್ಸರನ್ನು ಎಸೆಯಬಾರದು. ಅದೇ ಗಾಡಿಯ ಹೊರಗಾಳಿ ಒತ್ತಡದ ಸೆನ್ಸರಿನ ಅಂಕಿಯೊಂದಿಗೆ ಹೋಲಿಸಲಿ. ಡಿಪಿಎಫ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಜಾತಿಯದಾದರೆ ಸೊನ್ನೆ ಬರಬೇಕು. ತಪ್ಪು ಅಂಕಿ ಬಂದರೆ ಸೆನ್ಸರಿನಿಂದ ರಬ್ಬರ್ ಪೈಪು ಕಳಚಿ. ಕಳಚಿದೊಡನೆ ಅಂಕಿ ಸರಿಯಾದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು, ಅಂದರೆ ಕಟ್ಟಿದೆ. ಕಳಚಿದರೂ ಕದಲದಿದ್ದರೆ ಕೆಟ್ಟಿದೆ ಎಂದು ಶಂಕಿಸಿ. ಆಮೇಲೆ ಕೈಪಂಪಿನಿಂದ ಸೆನ್ಸರಿಗೆ 10 ಕಿಲೋಪ್ಯಾಸ್ಕಲ್, ಅಂದರೆ ಸುಮಾರು ಒಂದೂವರೆ ಪಿಎಸ್‌ಐ ಕೊಟ್ಟು ನೋಡಿ. ಅಂಕಿ ಅಷ್ಟೇ ಏರಿ, ಬಿಟ್ಟಾಗ ಇಳಿದರೆ ಸೆನ್ಸರಿಗೆ ಏನೂ ಆಗಿಲ್ಲ. ಪೈಪಿಗೆ ಕಂಪ್ರೆಸರ್ ಗಾಳಿ ಬಿಡುವ ಮೊದಲು ಸೆನ್ಸರನ್ನು ಬೇರೆ ಮಾಡಿರಬೇಕು, ಇಲ್ಲವಾದರೆ ಒಳಗಿನ ಪೊರೆ ಹರಿದು, ಕಟ್ಟಿದ್ದು ಕೆಟ್ಟದ್ದೇ ಆಗುತ್ತದೆ.

ಕಟ್ಟುವ ವಸ್ತುವಿಗೂ ಎರಡು ಹೆಸರು ಬೇಕು: ಮಸಿ ಮತ್ತು ಬೂದಿ. ‘ಕರಿ’ ಎಂದು ಎರಡನ್ನೂ ಸೇರಿಸಬೇಡಿ. ಮಸಿ ಸುಡುತ್ತದೆ, ಡಿಪಿಎಫ್‌ನೊಳಗೆ ಕಾವು 600 ಡಿಗ್ರಿ ಆಸುಪಾಸಿಗೆ ಏರಿದಾಗ ಉರಿದುಹೋಗುತ್ತದೆ. ಬೂದಿ ಎಂಜಿನ್ ಆಯಿಲಿನ ರಾಸಾಯನಿಕಗಳಿಂದ ಉಳಿಯುವಂಥದು, ಎಷ್ಟು ಕಾಯಿಸಿದರೂ ಹೋಗದು. ಕೋಡುಗಳೂ ಬೇರೆ: ಪಿ2463 ಮಸಿಗೆ, ಪಿ242ಎಫ್ ಬೂದಿಗೆ. ಅಡುಗೆಮನೆಯ ಮಾಡಿನಲ್ಲಿ ತೂಗುವ ಇಲ್ಲಣ ನೆನಪಾಗಿದ್ದರೆ, ಸೆನ್ಸರಿನ ಪೈಪಿನಲ್ಲಿ ತೇವ ಸೇರಿ ಅಂಟಾದ ಮಸಿಗೆ ಅದು ಒಪ್ಪುತ್ತದೆ. ಆದರೆ ಬಯಲುಸೀಮೆಯ ಓದುಗರು ಎಲ್ಲರೂ ಬಲ್ಲರೆಂದು ಹೇಳಲಾರೆ, ಆಸೆಯಿದ್ದರೂ ಬಿಡಿ.

ಪೈಪಿಗೆ ‘ಇಳಿಜಾರು’ ಎಂದು ಬರೆದಿದ್ದರೆ ‘ವಾಟ’ ಮಾಡಿ. ಸೆನ್ಸರ್ ಮೇಲೆ, ಸೈಲೆನ್ಸರ್ ಕೆಳಗೆ, ನಡುವೆ ಎಲ್ಲೂ ಜೋಲದೆ ವಾಟ ಇರಬೇಕು. ಬೆಳಗ್ಗೆ ಡೈರಿಗೆ ಹಾಲು ಹಾಕಿ ಎರಡು ಕಿಲೋಮೀಟರಿಗೇ ತಿರುಗಿ ಬರುವ ಗಾಡಿಯಲ್ಲಿ ಹೊಗೆಯ ನೀರಾವಿ ತಣಿದು ಜೋಲಿದ ಕಡೆ ನಿಲ್ಲುತ್ತದೆ, ಮಸಿ ಅಲ್ಲಿಗೇ ಅಂಟುತ್ತದೆ. ಹೊಸ ಪೈಪು ಕಾವು ತಾಳುವಂಥದೇ ಆಗಬೇಕು, ಡೀಸೆಲ್ ಪೈಪಿನ ತುಂಡು ಸಿಕ್ಕಿಸಿದರೆ ಬಿರುಕು ಬಿಟ್ಟು ಸೋರುತ್ತದೆ.

ಮತ್ತೆ ತೀರ್ಥಹಳ್ಳಿಯಿಂದ:

ಧನ್ಯವಾದ ಸರ್. ವ್ಯತ್ಯಾಸ ತೋರಿಸುವ ಎರಡು ಪೈಪಿನದನ್ನು ‘ಡಿಫರೆನ್ಶಿಯಲ್ ಸೆನ್ಸರ್’ ಎಂದೇ ಬಿಡಲೇ? ಪೈಪುಗಳಿಗೆ ‘ಮುಂದಿನದು’, ‘ಹಿಂದಿನದು’ ಎಂದರೆ ಸಾಕೇ?

ಶಿವಮೊಗ್ಗದಿಂದ:

ಬೇಡ. ಗ್ಯಾರೇಜಿನಲ್ಲಿ ಡಿಫರೆನ್ಶಿಯಲ್ ಎಂದರೆ ಹೌಸಿಂಗ್ ಒಳಗಿನ ಕ್ರೌನ್, ಪಿನಿಯನ್ ಎಂಬ ಹಲ್ಲುಚಕ್ರಗಳು. ಹುಡುಗ ಹಿಂದಿನ ಆಕ್ಸಲ್ ಕೆಳಗೆ ತೂರುತ್ತಾನೆ. ‘ಎರಡು ಪೈಪಿನ ಸೆನ್ಸರ್’ ಎನ್ನಿ. ‘ಮುಂದೆ’ ಎಂಬುದು ಗಾಡಿಯ ಮೂತಿಯ ಕಡೆಗೋ ಹೊಗೆ ಹೋಗುವ ಕಡೆಗೋ ತಿಳಿಯದು. ‘ಎಂಜಿನ್ ಕಡೆಯದು’, ‘ಬಾಲದ ಕಡೆಯದು’ ಎಂದು ಬರೆದು, ಕಳಚುವ ಮೊದಲು ಪೇಂಟಿನಲ್ಲಿ ಗುರುತು ಹಾಕಲು ಹೇಳಿ. ಅದಲುಬದಲಾದರೆ ಆಕ್ಸಿಲರೇಟರ್ ಒತ್ತಿದಷ್ಟೂ ಅಂಕಿ ಏರುವ ಬದಲು ಸೊನ್ನೆಗಿಂತ ಕೆಳಗಿಳಿಯುತ್ತದೆ, ಇಲ್ಲವೇ ಸೊನ್ನೆಯಲ್ಲೇ ಕೂರುತ್ತದೆ. ಎಂಜಿನ್ ಕಡೆಯ ಪೈಪು ಬಿರುಕು ಬಿಟ್ಟರೂ ಅಂಕಿ ಕಡಿಮೆಯೇ ಬರುತ್ತದೆ, ಆಗ ಮಸಿ ತುಂಬಿದ ಡಿಪಿಎಫ್ ಕೂಡ ಸ್ಕ್ಯಾನರಿನಲ್ಲಿ ಹೊಸದರಂತೆ ಕಾಣುತ್ತದೆ.