ಜೋಗಿಮಟ್ಟಿ ರಸ್ತೆಯಲ್ಲಿ ಕಂಡ ಈ ಪ್ರಾಣಿ ಯಾವುದು?

ಬೆಣ್ಣೆದೋಸೆ_ಬೈಕರ್:
ದಾವಣಗೆರೆಯಿಂದ ಗೆಳೆಯರೆಲ್ಲ ಸೇರಿ ಭಾನುವಾರ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡಕ್ಕೆ ಹೋಗಿದ್ದೆವು. ಚೆಕ್‌ಪೋಸ್ಟಿನಲ್ಲಿ ಕೇಳಿಕೊಂಡೇ ಒಳಗೆ ಹೋದದ್ದು, ಅದರ ಬಗ್ಗೆ ಬೈಯಬೇಡಿ. ಆಡುಮಲ್ಲೇಶ್ವರ ಕಿರು ಮೃಗಾಲಯ ದಾಟಿ ಸ್ವಲ್ಪ ಮೇಲೆ ಪೊದೆ ಪಕ್ಕ ಒಂದು ಪ್ರಾಣಿ ಒಂಟಿಯಾಗಿ ನಿಂತಿತ್ತು. ಕಂದು ಬಣ್ಣ, ಕೊಂಬಿಲ್ಲ, ಎತ್ತರ ನನ್ನ ಮೊಣಕಾಲಿಗಿಂತ ಸ್ವಲ್ಪ ಜಾಸ್ತಿ. ನಮ್ಮನ್ನು ನೋಡಿ ಅಲ್ಲಾಡದೆ ನಿಂತಿತು, ಆಮೇಲೆ ಒಂದೇ ಸಲಕ್ಕೆ ಪೊದೆಯೊಳಗೆ ನುಗ್ಗಿತು. ಫೋಟೋ ತೆಗೆಯೋಕೂ ಆಗಲಿಲ್ಲ. ಜಿಂಕೆ ಮರಿನಾ? ಇನ್ನೊಂದು ವಿಷಯ, ಅಲ್ಲೇ ಮುಂದೆ ಒಂದು ಹುತ್ತ ಅರ್ಧ ಒಡೆದು ಬಿದ್ದಿತ್ತು, ಪಕ್ಕದಲ್ಲಿ ಕಪ್ಪಗೆ ಒಂದು ಗುಡ್ಡೆ ಲದ್ದಿ, ತುಂಬಾ ಬೀಜ. ಅದೂ ಇದರದ್ದೇನಾ?

ಕೋಟೆ_ಪಕ್ಕದ_ಮನೆ:
ಯಾರದೋ ತಪ್ಪಿಸಿಕೊಂಡ ಆಡು ಇರಬೇಕು ಗುರು. ಸುಮ್ನೆ ತಲೆ ಕೆಡಿಸ್ಕೋಬೇಡಿ.

ಜಗಳೂರ್_ಕಡೆಯವನು:
ಆಡು ತಪ್ಪಿಸಿಕೊಂಡರೆ ಕೂಗಿ ಕೂಗಿ ಊರೆಲ್ಲ ಎಬ್ಬಿಸುತ್ತೆ, ಹಾಗೆ ಕಲ್ಲಿನಂತೆ ನಿಲ್ಲಲ್ಲ. ಅಣ್ಣ, ನೀವು ನೋಡಿರೋದು ಹೆಚ್ಚುಕಡಿಮೆ ಹೆಣ್ಣು ಕೊಂಡುಕುರಿ, ಹೆಸರಲ್ಲಿ ಕುರಿ ಇದ್ದರೂ ಅದು ಹುಲ್ಲೆ ಜಾತಿ. ಗಂಡಿಗೆ ನಾಲ್ಕು ಕೊಂಬು, ಹಿಂದೆ ಎರಡು ಉದ್ದ, ಹಣೆ ಮೇಲೆ ಎರಡು ಗಿಡ್ಡ. ಹೆಣ್ಣಿಗೆ ಒಂದೂ ಇಲ್ಲ. ಅದಕ್ಕೇ ಜನ ಆಡು ಅಂದುಕೊಂಡು ಸುಮ್ನೆ ಮುಂದೆ ಹೋಗ್ತಾರೆ. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ ಇದು. ನಮ್ಮ ತಾಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಇದಕ್ಕಾಗಿಯೇ ಅಭಯಾರಣ್ಯ ಮಾಡಿದ್ದು, ಸುಮಾರು 77 ಚದರ ಕಿಲೋಮೀಟರ್. ಜೋಗಿಮಟ್ಟಿ ಅಭಯಾರಣ್ಯ ಆಗಿದ್ದು 2015ರಲ್ಲಿ. ಮುಂಗಾಲು ನೋಡಿದ್ರಾ? ಕಾಲಿನ ಮುಂಭಾಗದಲ್ಲಿ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ ಇರಬೇಕು.

ಬೆಣ್ಣೆದೋಸೆ_ಬೈಕರ್:
ಗೆರೆ ಇತ್ತು! ಮಸಿ ತಾಗಿದೆಯೇನೋ ಅನ್ನಿಸಿತ್ತು. ಪೊದೆಗೆ ನುಗ್ಗೋ ಮೊದಲು ಎರಡು ಹೆಜ್ಜೆ ಇಟ್ಟಾಗ ಕಾಲು ಎತ್ತಿ ಎತ್ತಿ ಇಡುತ್ತಿತ್ತು, ಕೆಸರಲ್ಲಿ ನಡೆದ ಹಾಗೆ.

ಜಗಳೂರ್_ಕಡೆಯವನು:
ಹಾಗಾದರೆ ಅದೇ.

ಮೆಕ್ಕೆಜೋಳ_೭೭:
ಹೆಣ್ಣು ಕೃಷ್ಣಮೃಗಕ್ಕೂ ಕೊಂಬು ಇರಲ್ಲ, ಅದು ಯಾಕಾಗಬಾರದು? ರಾಣೆಬೆನ್ನೂರು ಕಡೆ ಜೋಳದ ಹೊಲಕ್ಕೆಲ್ಲ ಬರುತ್ತವೆ.

ಜಗಳೂರ್_ಕಡೆಯವನು:
ಅವು ಬಯಲಿನವು, ಹಿಂಡು ಹಿಂಡಾಗಿ ಇರ್ತವೆ. ಹೊಟ್ಟೆ ಎದ್ದು ಕಾಣೋ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ. ಗುಡ್ಡದ ಪೊದೆಯಲ್ಲಿ ಒಂಟಿಯಾಗಿ ನಿಲ್ಲೋ ಜಾತಿ ಅಲ್ಲ.

ಸೀತಾಫಲ_ಗುಡ್ಡ:
ಎಲ್ಲರೂ ಕುರಿ ಹಿಂದೆ ಹೋದ್ರಿ, ಆ ಲದ್ದಿ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ! ಕೊಂಡುಕುರಿ ಹಾಕೋದು ಆಡಿನ ಥರ ಹಿಕ್ಕೆ. ಬೀಜ ತುಂಬಿದ ಗುಡ್ಡೆ, ಪಕ್ಕದಲ್ಲಿ ಒಡೆದ ಹುತ್ತ ಅಂದರೆ ಕರಡಿ. ಗೆದ್ದಲಿಗೋಸ್ಕರ ಹುತ್ತ ಕೆರೆಯುತ್ತೆ, ಬಾರೆ ಹಣ್ಣು, ಕಕ್ಕೆ ಕಾಯಿ ಏನು ಸಿಕ್ಕರೂ ತಿನ್ನುತ್ತೆ, ಬೀಜ ಹಾಗೇ ಹೊರಗೆ ಬರುತ್ತೆ. ಮುಂದಿನ ಸಲ ಮುಟ್ಟದೆ ಬಗ್ಗಿ ನೋಡಿ. ಹಸಿಯಾಗಿ ಹೊಳೀತಿದ್ದರೆ ಬಂದ ದಾರಿ ಹಿಡಿದು ವಾಪಸ್ ಬನ್ನಿ.

ನಮ್ಮ ಬಂಡೆ ಗುಡ್ಡಗಳಲ್ಲಿ ಚಿರತೆಗಿಂತ ನಾನು ಹೆದರೋದು ಕರಡಿಗೆ. ಚಿರತೆ ನಮ್ಮನ್ನು ನೋಡಿ ತಾನೇ ಜಾಗ ಬಿಡುತ್ತೆ. ಕರಡಿಗೆ ಮೂಗು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೇ, ಹುತ್ತಕ್ಕೆ ಮೂತಿ ಹಾಕಿ ಗೆದ್ದಲು ಹೀರೋವಾಗ ನೀವು ಹತ್ತಿರ ಬಂದಿದ್ದೇ ಗೊತ್ತಾಗಲ್ಲ, ಗೊತ್ತಾದಾಗ ಗಾಬರಿ ಬಿದ್ದು ಮೈಮೇಲೆ ಬರುತ್ತೆ. ಬೆನ್ನ ಮೇಲೆ ಮರಿ ಇದ್ದರಂತೂ ಕೇಳೋದೇ ಬೇಡ. ಅದಕ್ಕೇ ಮಾತಾಡ್ತಾ ನಡೀರಿ. ಗವಿಯೊಳಗೆ ಇಣುಕಬೇಡಿ, ಕತ್ತಲು ಹರಿಯೋ ಮೊದಲು ಹತ್ತಬೇಡಿ. ಕಂಡರೆ ಓಡಬೇಡಿ, ಅದರ ಓಟಕ್ಕೆ ನಾವು ಸಾಟಿಯಲ್ಲ, ಮುಖ ಅದರ ಕಡೆ ಇಟ್ಟುಕೊಂಡು ನಿಧಾನಕ್ಕೆ ಹಿಂದೆ ಸರಿಯಿರಿ. ಊರ ಹತ್ತಿರ ಕಂಡರೆ ಅರಣ್ಯ ಇಲಾಖೆ ಸಹಾಯವಾಣಿ 1926.

ರೀಲ್ಸ್_ರಾಜ:
ಸೂಪರ್ ಬ್ರೋ, ಲೊಕೇಶನ್ ಶೇರ್ ಮಾಡಿ, ಈ ವಾರ ಕ್ಯಾಮೆರಾ ತಗೊಂಡು ಹೋಗ್ತೀವಿ.

ಜಗಳೂರ್_ಕಡೆಯವನು:
ದಯವಿಟ್ಟು ಹಾಕಬೇಡಿ. ಕೊಂಡುಕುರಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತೆ. ಉರುಳು ಹಾಕುವವರಿಗೆ ಆ ಜಾಗ ತೋರಿಸಿದರೆ ಸಾಕು. ಫೋಟೋ ಹಾಕುವುದಾದರೂ ಹಿಂದಿನ ಬಂಡೆ, ಗಾಳಿ ವಿದ್ಯುತ್ತಿನ ಫ್ಯಾನುಗಳು ಕಾಣದ ಹಾಗೆ ಕತ್ತರಿಸಿ ಹಾಕಿ.

ರೀಲ್ಸ್_ರಾಜ:
ನಾವೇನು ಬೇಟೆಗಾರರಾ? ಇಷ್ಟು ದೊಡ್ಡ ಕಾಡಲ್ಲಿ ಯಾರು ಹುಡುಕ್ತಾರೆ.

ಸೀತಾಫಲ_ಗುಡ್ಡ:
ನೀವಲ್ಲ ಸಾರ್, ನಿಮ್ಮ ರೀಲ್ಸ್ ನೋಡೋ ಸಾವಿರ ಜನರಲ್ಲಿ ಒಬ್ಬ.

ಬೆಣ್ಣೆದೋಸೆ_ಬೈಕರ್:
ಲೊಕೇಶನ್ ಹಾಕಲ್ಲ ಬಿಡಿ. ಮುಂದಿನ ಸಲ ಧೈರ್ಯಕ್ಕೆ ನಮ್ಮ ಮನೆ ನಾಯಿ ಕರೆದುಕೊಂಡು ಹೋಗೋಣ ಅಂತಿದ್ದೆ.

ಸೀತಾಫಲ_ಗುಡ್ಡ:
ಅಯ್ಯೋ ಬೇಡ. ಮೊದಲನೇದಾಗಿ ಅಭಯಾರಣ್ಯದೊಳಗೆ ನಾಯಿ ಒಯ್ಯುವ ಹಾಗಿಲ್ಲ. ಎರಡನೇದು, ನಾಯಿ ಮುಂದೆ ಓಡಿ ಕರಡಿಯನ್ನು ಕೆಣಕುತ್ತೆ, ಕರಡಿ ತಿರುಗಿಬಿದ್ದರೆ ಅಲ್ಲಿಂದ ಓಡಿ ಬರೋದು ಸೀದಾ ನಿಮ್ಮ ಕಾಲ ಹತ್ತಿರ.