ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ಐಟಿಐಯಲ್ಲಿ ಕಲಿಸೋಕೆ ಏನೇನು ಬೇಕು?

ಸಾಗರ_ವೈರಿಂಗ್:
ಎಲ್ಲರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಪಾಸಾಗಿದೆ, ವೈರ್‌ಮನ್ ಪರ್ಮಿಟ್ ಇದೆ, ಡಿಪ್ಲೊಮಾ ಇಲ್ಲ. ಸಾಗರ, ಹೊಸನಗರ ಕಡೆ ಕಂಟ್ರಾಕ್ಟರ್ ಜೊತೆ ಮನೆ ವೈರಿಂಗ್, ತೋಟದ ಪಂಪ್‌ಸೆಟ್ ಕೆಲಸ. ಶಿವಮೊಗ್ಗ ಜಿಲ್ಲೆಯಲ್ಲೇ ಯಾವುದಾದರೂ ಐಟಿಐ ಸೇರಿ ಪ್ರಾಕ್ಟಿಕಲ್ ಕಲಿಸಬೇಕು ಅಂತಿದೆ. ಡಿಪ್ಲೊಮಾ ಇಲ್ಲದೆ ಆಗುತ್ತಾ? ಇನ್ನೊಂದು, ಕೆಲಸ ಗೊತ್ತು, ಕಲಿಸೋದು ಗೊತ್ತಿಲ್ಲ. ಇಪ್ಪತ್ತು ಹುಡುಗರನ್ನು ಎದುರಿಗೆ ನಿಲ್ಲಿಸಿಕೊಂಡು ಎಲ್ಲಿಂದ ಶುರು ಮಾಡೋದು?

ಭದ್ರಾವತಿ_ತರಬೇತಿ:
ಆಗುತ್ತೆ ಸರ್. ಎಲೆಕ್ಟ್ರಿಷಿಯನ್ ಟ್ರೇಡಿನ ಸಿಲಬಸ್ಸಿನಲ್ಲೇ ಬೋಧಕರ ಅರ್ಹತೆ ಬರೆದಿದೆ: ಡಿಗ್ರಿ ಆದವರಿಗೆ 1 ವರ್ಷ, ಡಿಪ್ಲೊಮಾದವರಿಗೆ 2 ವರ್ಷ, ಐಟಿಐ ಅಥವಾ ಅಪ್ರೆಂಟಿಸ್ ಸರ್ಟಿಫಿಕೇಟ್ ಇರುವವರಿಗೆ 3 ವರ್ಷ ಅನುಭವ. ಮೊದಲ ವರ್ಷಕ್ಕೊಂದು, ಎರಡನೇ ವರ್ಷಕ್ಕೊಂದು ಬ್ಯಾಚ್ ಇದ್ದರೆ ಇಬ್ಬರು ಬೋಧಕರು ಬೇಕು. ಅವರಲ್ಲಿ ಒಬ್ಬರು ಡಿಗ್ರಿ ಇಲ್ಲವೇ ಡಿಪ್ಲೊಮಾದವರು, ಇನ್ನೊಬ್ಬರು ನಿಮ್ಮಂತೆ ಐಟಿಐ ಕಲಿತವರು. ಹಾಗಾಗಿ ನಿಮಗೆ ಜಾಗ ಇದೆ.

ಇಬ್ಬರಿಗೂ ಬೇಕಾದ್ದು ಸಿಐಟಿಎಸ್ ಅನ್ನೋ ಬೋಧಕರ ತರಬೇತಿ ಮುಗಿಸಿ ಸಿಗುವ ಎನ್‌ಸಿಐಸಿ, ಅಂದರೆ ರಾಷ್ಟ್ರೀಯ ಬೋಧಕ ಸರ್ಟಿಫಿಕೇಟ್. ಒಂದು ವರ್ಷದ ಕೋರ್ಸು, ಪ್ರವೇಶ ಪರೀಕ್ಷೆ ಇರುತ್ತೆ. ನಮಗೆ ಹತ್ತಿರದ್ದು ಬೆಂಗಳೂರಿನ ತುಮಕೂರು ರಸ್ತೆಯ ಎನ್‌ಎಸ್‌ಟಿಐ (ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ). ಟ್ರೇಡಿನ ಜೊತೆಗೆ ಬೋಧನಾ ವಿಧಾನ ಅನ್ನೋ ವಿಷಯವೂ ಅಲ್ಲಿದೆ. ಪಾಠಯೋಜನೆ ಬರೆಯೋದು, ಡೆಮೊ ಕೊಡೋದು, ಪರೀಕ್ಷಿಸೋದು ಎಲ್ಲ ಅದರಲ್ಲೇ ಬರುತ್ತೆ. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಈಗಿಂದಲೇ ಮಾಡಬೇಕಾದ ಕೆಲಸ ಅನುಭವದ ದಾಖಲೆ. ಕಂಟ್ರಾಕ್ಟರ್ ಲೆಟರ್‌ಹೆಡ್ ಮೇಲೆ ಲೈಸೆನ್ಸ್ ನಂಬರ್, ಸೇರಿದ ಮತ್ತು ಬಿಟ್ಟ ತಾರೀಖು, ಮಾಡಿದ ಕೆಲಸದ ಸ್ವರೂಪ ಇರಲಿ. ಪಿಎಫ್ ಕಟ್ಟಿದ್ದರೆ ಅದರ ಪ್ರತಿಯೂ ಇರಲಿ. ಅನುಭವವನ್ನು ಎಣಿಸೋದು ಐಟಿಐ ಪಾಸಾದ ಮೇಲಿನದ್ದನ್ನು ಮಾತ್ರ, ತಾರೀಖು ನೋಡಿಕೊಂಡು ಬರೆಸಿ. ಸರ್ಕಾರಿ ಐಟಿಐಯ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಹುದ್ದೆಗೆ ಕೆಪಿಎಸ್‌ಸಿ ಅಧಿಸೂಚನೆ ಕಾಯಬೇಕು. ಅಷ್ಟರವರೆಗೆ ಖಾಸಗಿ ಐಟಿಐಗಳಲ್ಲಿ ಕೇಳಿ, ಸರ್ಕಾರಿ ಐಟಿಐಗಳಲ್ಲಿ ಅತಿಥಿ ಬೋಧಕರ ಜಾಗ ಇದೆಯಾ ಅಂತಲೂ ವಿಚಾರಿಸಿ.

ತುಂಗಾ_ವರ್ಕ್‌ಶಾಪ್:
ಕಾಗದದ ವಿಚಾರ ಮೇಲೆ ಬಂತು. ಕಲಿಸೋ ವಿಚಾರಕ್ಕೆ ಬರ್ತೀನಿ.

ಪಳಗಿದ ಕೈ ಹತ್ತು ಹೆಜ್ಜೆಯನ್ನು ಮೂರರಲ್ಲಿ ಮುಗಿಸಿಬಿಡುತ್ತೆ. ಪಕ್ಕದಲ್ಲಿ ನಿಂತ ಹುಡುಗನಿಗೆ ಉಳಿದ ಏಳು ಕಾಣೋದೇ ಇಲ್ಲ. ಆ ಏಳನ್ನು ಹೊರತೆಗೆದು ಬರೆಯೋದೇ ಬೋಧಕನ ಮೊದಲ ಕೆಲಸ. ವೈರ್ ಸುಲಿದು ಸ್ವಿಚ್ಚಿಗೆ ಕಟ್ಟೋದನ್ನೇ ತಗೊಳ್ಳಿ. ಚಾಕುವನ್ನು ಪೆನ್ಸಿಲ್ ಚೂಪು ಮಾಡುವ ಹಾಗೆ ಓರೆ ಹಿಡಿಯಬೇಕು. ಸುತ್ತಲೂ ಒತ್ತಿ ಕೊಯ್ದರೆ ಎಳೆಗಳಿಗೆ ಗಾಯವಾಗಿ, ಬಗ್ಗಿಸಿದಾಗ ಅಲ್ಲೇ ಮುರಿಯುತ್ತವೆ. ಟರ್ಮಿನಲ್ ಎಷ್ಟು ಆಳವೋ ಅಷ್ಟೇ ಸುಲಿಯಬೇಕು, ಸಾಮಾನ್ಯವಾಗಿ 8ರಿಂದ 10 ಮಿ.ಮೀ. ಎಳೆಗಳನ್ನು ಹುರಿ ಮಾಡಬೇಕು. ದೊಡ್ಡ ತೂತಿಗೆ 1 ಚದರ ಮಿ.ಮೀ. ವೈರ್ ಆದರೆ ತುದಿ ಮಡಚಿ ಎರಡು ಪದರ ಮಾಡಿ ಹಾಕಬೇಕು. ಸ್ಕ್ರೂ ತಾಮ್ರದ ಮೇಲೆ ಕೂರಬೇಕು, ಪಿವಿಸಿ ಮೇಲಲ್ಲ. ಪಿವಿಸಿ ಮೇಲೆ ಕೂತರೆ ಅವತ್ತು ದೀಪವೇನೋ ಹತ್ತುತ್ತೆ, ಕೆಲವು ತಿಂಗಳಿಗೆ ಸಡಿಲ ಸಂಪರ್ಕ ಬಿಸಿಯಾಗಿ ಸ್ವಿಚ್ ಸುಟ್ಟಿರುತ್ತೆ. ಕೊನೆಗೆ ವೈರ್ ಹಿಡಿದು ಒಮ್ಮೆ ಎಳೆದು ನೋಡಬೇಕು. ಇಷ್ಟೂ ಒಂದು ಪೂರ್ತಿ ಪಾಠ.

ಡೆಮೊವನ್ನು ಮೂರು ಸಲ ಕೊಡಿ. ಮೊದಲು ಮಾತಿಲ್ಲದೆ ಮಾಮೂಲಿ ವೇಗದಲ್ಲಿ, ಆಮೇಲೆ ಒಂದೊಂದೇ ಹೆಜ್ಜೆಗೆ ಕಾರಣ ಹೇಳುತ್ತಾ. ಮೂರನೇ ಸಲ ಹುಡುಗರೇ ಹೇಳಲಿ, ಅವರು ಹೇಳಿದಷ್ಟೇ ನೀವು ಮಾಡಿ. ಅವರು ಬಿಟ್ಟ ಹೆಜ್ಜೆ ಅಲ್ಲೇ ಗೊತ್ತಾಗುತ್ತೆ. ಒಂದು ಬೆಂಚಿನ ಸುತ್ತ ಇಪ್ಪತ್ತು ಜನ ನಿಂತರೆ ಹಿಂದಿನವರಿಗೆ ಏನೂ ಕಾಣಲ್ಲ. ಎರಡು ಗುಂಪು ಮಾಡಿ, ಅಭ್ಯಾಸಕ್ಕೆ ನಾಲ್ವರಿಗೊಂದು ಬೋರ್ಡು ಕೊಡಿ. ಕಂಟಿನ್ಯೂಟಿ ಪರೀಕ್ಷೆ (ತಂತಿ ಎಲ್ಲೂ ಕಡಿದಿಲ್ಲ ಅಂತ ನೋಡೋದು) ಮುಗಿಯುವ ತನಕ ಬೋರ್ಡಿಗೆ ಸಪ್ಲೈ ಬೇಡ. ಮೇನ್ ಸ್ವಿಚ್ಚಿನ ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ.

ಮೆಟ್ಟಿಲು ದೀಪದ ಟೂ-ವೇ ಸ್ವಿಚ್ಚು ದೋಷ ಹುಡುಕಿಸೋಕೆ ಬಹಳ ಒಳ್ಳೆಯ ಪಾಠ. ಒಂದು ಸ್ವಿಚ್ಚಿನಲ್ಲಿ ಕಾಮನ್ ಟರ್ಮಿನಲ್‌ಗೆ ಹೋಗಬೇಕಾದ ಫೇಸನ್ನು ಬೇಕಂತಲೇ ಪಕ್ಕದ ಟರ್ಮಿನಲ್‌ಗೆ, ಅಲ್ಲಿದ್ದ ತಂತಿಯನ್ನು ಕಾಮನ್‌ಗೆ ಅದಲುಬದಲು ಮಾಡಿ ಕೊಟ್ಟಿಡಿ. ಆ ಸ್ವಿಚ್ಚು ಒಂದು ಕಡೆ ಇದ್ದಾಗ ಮಾತ್ರ ಇನ್ನೊಂದು ಸ್ವಿಚ್ಚು ದೀಪವನ್ನು ಆಡಿಸುತ್ತೆ, ಮತ್ತೊಂದು ಕಡೆ ಹಾಕಿದರೆ ಏನು ಮಾಡಿದರೂ ದೀಪ ಹತ್ತಲ್ಲ. ಯಾಕೆ ಅಂತ ಚಿತ್ರ ಬರೆದು ತೋರಿಸಿದವನಿಗೆ ಸರ್ಕ್ಯೂಟ್ ಅರ್ಥವಾಗಿದೆ ಅಂತ ತಿಳಿಯಬಹುದು.

ಸಾಗರ_ವೈರಿಂಗ್:
ತುಂಬಾ ಉಪಕಾರ ಆಯ್ತು ಸರ್. ಆರ್‌ಸಿಸಿಬಿ (ಕರೆಂಟು ಅರ್ಥಿಗೆ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್ಚು) ಟ್ರಿಪ್ ಆಗೋದನ್ನು ಹುಡುಗರಿಗೆ ಅಪಾಯ ಇಲ್ಲದೆ ತೋರಿಸೋದು ಹೇಗೆ? ಟೆಸ್ಟ್ ಬಟನ್ ಒತ್ತಿ ತೋರಿಸಿದರೆ ಸಾಕಾ?

ಮಳೆಗಾಲದ_ಮೆಗ್ಗರ್:
ಸಾಲದು. ಬಟನ್ ಒತ್ತಿದರೆ ಒಳಗಿನ ಯಂತ್ರ ಸರಿ ಇದೆ ಅಂತ ಮಾತ್ರ ಗೊತ್ತಾಗುತ್ತೆ, ಅರ್ಥಿಂಗ್ ಇಲ್ಲದಿದ್ದರೂ ಅದು ಟ್ರಿಪ್ ಆಗುತ್ತೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಫೇಸ್ ಮತ್ತು ಅರ್ಥ್ ನಡುವೆ 5.6 ಕಿಲೋ ಓಮ್, 20 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್ ಹಾಕಿ, ಸರಣಿಯಲ್ಲಿ ಒಂದು ಪುಶ್ ಬಟನ್ ಇಡಿ. ಕೈ ತೆಗೆದರೆ ಬಿಟ್ಟುಕೊಳ್ಳುವಂಥದ್ದೇ ಬೇಕು. 230 ವೋಲ್ಟಿಗೆ ಸುಮಾರು 41 ಮಿಲಿ ಆಂಪ್ ಸೋರುತ್ತೆ, 30 ಮಿಲಿ ಆಂಪ್ ಆರ್‌ಸಿಸಿಬಿ ಬೀಳಲೇಬೇಕು. 6.8 ಕಿಲೋ ಓಮ್ ಹಾಕಿದರೂ ಲೆಕ್ಕಕ್ಕೆ 34 ಬರುತ್ತೆ. ಆದರೆ ಸಂಜೆ ಹೊತ್ತು ನಮ್ಮ ಕಡೆ ವೋಲ್ಟೇಜ್ 190ಕ್ಕೆ ಇಳಿದರೆ ಅದು 28 ಆಗಿ, ಟ್ರಿಪ್ ಆಗದೆಯೂ ಇರಬಹುದು. ಆಗ ಹುಡುಗರು ಆರ್‌ಸಿಸಿಬಿಯೇ ಕೆಟ್ಟಿದೆ ಅಂದ್ಕೋತಾರೆ. ಇನ್ನೊಂದು ಡಬ್ಬಿಯಲ್ಲಿ 22 ಕಿಲೋ ಓಮ್ ಹಾಕಿ. 10 ಮಿಲಿ ಆಂಪ್‌ಗೆ ಅದು ಬೀಳಬಾರದು ಅನ್ನೋದೂ ತೋರಿಸಿ.

ಡಬ್ಬಿ ಚುಚ್ಚುವ ಮೊದಲು ಸಾಕೆಟ್ಟಿನ ಅರ್ಥ್ ಪರೀಕ್ಷಿಸಲೇಬೇಕು. ಅರ್ಥ್ ತಂತಿ ಎಲ್ಲಾದರೂ ಕಡಿದಿದ್ದರೆ, ಬಟನ್ ಒತ್ತಿದ ಕೂಡಲೇ ಅದೇ ಅರ್ಥಿಗೆ ಸೇರಿದ ಲೋಹದ ಉಪಕರಣಗಳ ಮೈಗೆಲ್ಲ ಫೇಸ್ ಬರುತ್ತೆ.

ನಮ್ಮ ಜಿಲ್ಲೆಯ ಹುಡುಗರಿಗೆ ತಪ್ಪದೆ ಕಲಿಸಬೇಕಾದ ಇನ್ನೊಂದು ದೋಷ ಇದೆ. ಜೂನ್ ಮಳೆ ಹಿಡಿದ ಮೇಲೆ ಗೋಡೆ ತಣ್ಣಗಾಗಿ ಪೈಪಿನೊಳಗೆ ನೀರು ಕೂತು, ನ್ಯೂಟ್ರಲ್ ಅರ್ಥಿಗೆ ತಾಗುತ್ತೆ. ಒಂದೊಂದು ಸರ್ಕ್ಯೂಟಿನ ಎಂಸಿಬಿಗಳನ್ನೆಲ್ಲ ಇಳಿಸಿದರೂ ಆರ್‌ಸಿಸಿಬಿ ಆನ್ ಆಗಿ ನಿಲ್ಲದೆ ಹೋಗಬಹುದು, ಯಾಕಂದ್ರೆ ಸಿಂಗಲ್ ಪೋಲ್ ಎಂಸಿಬಿ ಕಡಿಯೋದು ಫೇಸನ್ನು ಮಾತ್ರ. ಹುಡುಕುವ ಕ್ರಮ ಹೀಗೆ: ಮೇನ್ ಆಫ್ ಮಾಡಿ, ಎಲ್ಲ ಪ್ಲಗ್ ಕೀಳಿಸಿ, ಎಲ್‌ಇಡಿ ದೀಪಗಳನ್ನು ಬಿಚ್ಚಿಸಿ. ಇಲ್ಲದಿದ್ದರೆ ಮೆಗ್ಗರಿನ (ಇನ್ಸುಲೇಷನ್ ಅಳೆಯುವ ಮೀಟರಿನ) 500 ವೋಲ್ಟಿಗೆ ಅವುಗಳ ಡ್ರೈವರ್ ಹೋಗಬಹುದು. ನ್ಯೂಟ್ರಲ್ ಲಿಂಕಿನಿಂದ ತಂತಿಗಳನ್ನು ಒಂದೊಂದೇ ಬಿಡಿಸಿ, ಅರ್ಥಿಗೆ ಮೆಗ್ಗರ್ ಹಿಡಿಯಿರಿ. 1 ಮೆಗಾ ಓಮ್‌ಗಿಂತ ಕೆಳಗೆ ತೋರಿಸಿದ್ದು ತಪ್ಪಿತಸ್ಥ ಸರ್ಕ್ಯೂಟು. ಅಭ್ಯಾಸದ ಬೋರ್ಡಿನಲ್ಲಿ ಒಂದು ಜಂಕ್ಷನ್ ಬಾಕ್ಸಿಗೆ ಒದ್ದೆ ಬಟ್ಟೆ ತುರುಕಿಟ್ಟರೆ ಇದೇ ದೋಷವನ್ನು ಬೇಸಿಗೆಯಲ್ಲೂ ತೋರಿಸಬಹುದು.

ತೀರ್ಥಹಳ್ಳಿ_ಪಂಪ್‌ಸೆಟ್:
ಲೆಕ್ಕದ ಪಾಠಕ್ಕೆ ಅಡಿಕೆ ತೋಟದ ಪಂಪನ್ನೇ ಕೊಡಿ, ಹುಡುಗರು ತಾವಾಗಿ ಕೂತು ಮಾಡ್ತಾರೆ. 5 ಎಚ್‌ಪಿ ತ್ರೀ ಫೇಸ್ ಮೋಟಾರ್, 7.5 ಆಂಪ್, ಸ್ಟಾರ್ಟರಿನಿಂದ ಹಳ್ಳದ ಪಂಪಿಗೆ 300 ಮೀಟರ್. 2.5 ಚದರ ಮಿ.ಮೀ. ತಾಮ್ರದ ಕೇಬಲ್ ಕಿಲೋಮೀಟರಿಗೆ 7.4 ಓಮ್ ಹಿಡಿದು, ಪವರ್ ಫ್ಯಾಕ್ಟರ್ 0.8 ಇಟ್ಟರೆ ಸುಮಾರು 23 ವೋಲ್ಟ್ ದಾರಿಯಲ್ಲೇ ಹೋಗುತ್ತೆ. 4 ಚದರ ಮಿ.ಮೀ. ಹಾಕಿದರೆ 14ರ ಹತ್ತಿರ. ಇದು ಓಡುವಾಗಿನ ಲೆಕ್ಕ. ನೇರ ಸ್ಟಾರ್ಟ್ ಮಾಡುವ ಕ್ಷಣ ಕರೆಂಟು ಆರು ಪಟ್ಟು ಏರುತ್ತೆ, ಅದನ್ನೂ ಅವರಿಂದಲೇ ಮಾಡಿಸಿ. ಕಡಿಮೆ ದಪ್ಪದ ಕೇಬಲ್ ಹಾಕಿದ ಕಡೆ ಮೋಟಾರ್ ಎದ್ದೇಳದೆ ಗುಂಯ್ ಅಂತ ಕೂಗಿ ಓವರ್‌ಲೋಡ್ ರಿಲೇ ಯಾಕೆ ಬೀಳುತ್ತೆ ಅಂತ ಆಗ ಅವರೇ ಹೇಳ್ತಾರೆ. ಒಂದು ಫೇಸ್ ಹೋದಾಗಲೂ ಅದೇ ಗುಂಯ್ ಬರುತ್ತೆ. ಎರಡನ್ನೂ ಬೇರೆ ಮಾಡೋಕೆ, ಮೋಟಾರ್ ಟರ್ಮಿನಲ್‌ನಲ್ಲಿ ಮೂರು ಜೋಡಿಯ ವೋಲ್ಟೇಜೂ ಅಳೆಯಬೇಕು, ಮೂರು ತಂತಿಗೂ ಕ್ಲ್ಯಾಂಪ್ ಮೀಟರ್ ಹಿಡಿಯಬೇಕು. ಫೇಸ್ ಹೋಗಿದ್ದರೆ ಒಂದು ತಂತಿಯಲ್ಲಿ ಕರೆಂಟು ಸೊನ್ನೆ.