ಫಿಲ್ಟರ್ ಮುಟ್ಟಿದರೆ 20 ಸೆಕೆಂಡ್: ಸ್ನೋಫ್ಲೇಕ್ ಮೇಲಿನ ಸ್ಟ್ರೀಮ್‌ಲಿಟ್ ಆಪ್ ಹಗುರ ಮಾಡೋದು ಹೇಗೆ?

ಪ್ರಶ್ನೆ: ಸ್ನೋಫ್ಲೇಕ್ (ಕ್ಲೌಡ್ ಡೇಟಾಬೇಸ್) ಒಳಗೇ ಸ್ಟ್ರೀಮ್‌ಲಿಟ್‌ನಲ್ಲಿ (ಪೈಥಾನ್‌ನಲ್ಲಿ ವೆಬ್ ಆಪ್ ಕಟ್ಟೋ ಸಾಧನ) ಮಾರಾಟದ ಡ್ಯಾಶ್‌ಬೋರ್ಡ್ ಕಟ್ಟಿದ್ದೇನೆ. ಟೇಬಲ್‌ನಲ್ಲಿ 40 ಲಕ್ಷ ಸಾಲು. ಒಂದು ಫಿಲ್ಟರ್ ಬದಲಿಸಿದರೆ 20 ಸೆಕೆಂಡ್ ಕಾಯಬೇಕು, ಕ್ರೆಡಿಟ್ (ಸ್ನೋಫ್ಲೇಕ್ ಬಿಲ್‌ನ ಘಟಕ) ಬೇರೆ ನೀರಿನಂತೆ ಹೋಗ್ತಿದೆ. ವೇರ್‌ಹೌಸ್ (ಕ್ವೆರಿ, ಅಂದರೆ ಡೇಟಾ ಕೇಳಿಕೆ, ಓಡಿಸೋ ಕಂಪ್ಯೂಟರ್ ಗುಂಪು) ಎಕ್ಸ್-ಸ್ಮಾಲ್‌ನಿಂದ ಮೀಡಿಯಮ್‌ಗೆ ಏರಿಸಿದರೂ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮೊದಲು ವೇರ್‌ಹೌಸ್ ಕೆಳಗಿಳಿಸಿ. ಎಕ್ಸ್-ಸ್ಮಾಲ್‌ಗೆ ಗಂಟೆಗೆ 1 ಕ್ರೆಡಿಟ್, ಮೀಡಿಯಮ್‌ಗೆ 4. ಗಾತ್ರ ಏರಿಸಿಯೂ ವೇಗ ಬರಲಿಲ್ಲ ಅಂದರೆ ಅನುಮಾನ ಪಡಬೇಕಾದ್ದು ಕ್ವೆರಿಯನ್ನಲ್ಲ, ಪೈಥಾನ್‌ಗೆ ಎಳೆದುಕೊಳ್ತಿರೋ ಡೇಟಾವನ್ನ. ಕೋಡ್‌ನಲ್ಲಿ ಟು-ಪಾಂಡಾಸ್ (ಡೇಟಾವನ್ನ ಪೈಥಾನ್ ಮೆಮೊರಿಗೆ ಎಳೆಯೋ ಆಜ್ಞೆ) ಎಲ್ಲಿದೆ ನೋಡಿ. ಸ್ನೋಪಾರ್ಕ್ (ಸ್ನೋಫ್ಲೇಕ್‌ನ ಪೈಥಾನ್ ಲೈಬ್ರರಿ) ಡೇಟಾಫ್ರೇಮ್ ಸೋಮಾರಿ: ಫಿಲ್ಟರ್, ಗ್ರೂಪ್-ಬೈ (ಗುಂಪು ಮಾಡಿ ಕೂಡಿಸೋದು) ಬರೆದಾಗ ಏನೂ ಓಡಲ್ಲ, ಟು-ಪಾಂಡಾಸ್ ಅಥವಾ ಕಲೆಕ್ಟ್ ಕರೆದಾಗಲೇ ಎಸ್‌ಕ್ಯುಎಲ್ ಆಗಿ ಹೊರಡುತ್ತೆ. ಗ್ರೂಪ್-ಬೈಗಿಂತ ಮುಂಚೆ ಕರೆದಿದ್ದರೆ 40 ಲಕ್ಷ ಸಾಲೂ ಮೆಮೊರಿಗೆ ಬಂದು ಬೀಳ್ತವೆ. ಕೋಡ್‌ನ ಆ ಒಂದು ಸಾಲನ್ನ ಗ್ರೂಪ್-ಬೈ ಕೆಳಕ್ಕೆ ಸರಿಸಿ; ತಿಂಗಳುವಾರು ಮೊತ್ತ ಆದಮೇಲೆ ಉಳಿಯೋದು ಕೆಲವೇ ನೂರು ಸಾಲು.

ಉತ್ತರ 2: ಇದರ ಜೊತೆಗೆ, ಸ್ಟ್ರೀಮ್‌ಲಿಟ್‌ನಲ್ಲಿ ಯಾವ ವಿಜೆಟ್ (ಫಿಲ್ಟರ್, ಬಟನ್‌ನಂಥದ್ದು) ಮುಟ್ಟಿದರೂ ಸ್ಕ್ರಿಪ್ಟ್ ಮೊದಲ ಸಾಲಿನಿಂದ ಮತ್ತೆ ಓಡುತ್ತೆ. 5 ಚಾರ್ಟ್ ಇದ್ದು 4 ಫಿಲ್ಟರ್ ಬದಲಿಸಿದರೆ 20 ಕ್ವೆರಿ. ಫಿಲ್ಟರ್‌ಗಳನ್ನೆಲ್ಲ ಒಂದು ಫಾರ್ಮ್‌ಗೆ ಹಾಕಿ, ಸಬ್‌ಮಿಟ್ ಒತ್ತಿದಾಗ ಒಂದೇ ಸಲ ಓಡಲಿ. ಕ್ವೆರಿ ಫಂಕ್ಷನ್ ಮೇಲೆ ಕ್ಯಾಶ್-ಡೇಟಾ (ಫಲಿತಾಂಶ ನೆನಪಿಟ್ಟುಕೊಳ್ಳೋ ಸೌಲಭ್ಯ) ಹಾಕಿ, ಟಿಟಿಎಲ್ (ಎಷ್ಟು ಸೆಕೆಂಡ್ ನೆನಪಿಡಬೇಕು ಅನ್ನೋದು) 600. ಆದರೆ ವೇರ್‌ಹೌಸ್ ಮೇಲೆ ಓಡೋ ಆಪ್‌ನಲ್ಲಿ ಈ ಕ್ಯಾಶ್ ಆಯಾ ಸೆಷನ್‌ಗೆ ಮಾತ್ರ. ಬೇರೆ ಬಳಕೆದಾರರಿಗೂ ಒದಗೋದು ಸ್ನೋಫ್ಲೇಕ್‌ನ ರಿಸಲ್ಟ್ ಕ್ಯಾಶ್, 24 ಗಂಟೆ ಇರುತ್ತೆ. ಕ್ವೆರಿ ಅಕ್ಷರಶಃ ಒಂದೇ ಇರಬೇಕು, ಟೇಬಲ್ ಬದಲಾಗಿರಬಾರದು. ನಡುವೆ ಕರೆಂಟ್-ಟೈಮ್‌ಸ್ಟ್ಯಾಂಪ್ (ಈ ಕ್ಷಣದ ಸಮಯ) ತುರುಕಿದಿರೋ, ಕ್ಯಾಶ್ ಕೈಕೊಡುತ್ತೆ. ಕರೆಂಟ್-ಡೇಟ್ (ಇವತ್ತಿನ ದಿನಾಂಕ) ಆದರೆ ಅಡ್ಡಿಯಿಲ್ಲ.

ಉತ್ತರ 3: ಡೇಟಾ ರಾತ್ರಿ ಒಮ್ಮೆ ಮಾತ್ರ ಲೋಡ್ ಆಗೋದಾದರೆ ಟಿಟಿಎಲ್ 600 ಯಾಕೆ? 3600 ಇಡಿ.

ಕ್ರೆಡಿಟ್ ಸೋರೋ ಜಾಗ ಬೇರೆಯೇ ಇದೆ. ಆಟೋ-ಸಸ್ಪೆಂಡ್ (ಕೆಲಸವಿಲ್ಲದಿದ್ದರೆ ವೇರ್‌ಹೌಸ್ ತಾನೇ ನಿಲ್ಲೋ ಅವಧಿ) ಡೀಫಾಲ್ಟ್ 600 ಸೆಕೆಂಡ್, 60ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಹೋಗಿ ಪ್ರಯೋಜನ ಕಮ್ಮಿ, ವೇರ್‌ಹೌಸ್ ಎದ್ದಾಗಲೆಲ್ಲ ಕನಿಷ್ಠ 60 ಸೆಕೆಂಡ್‌ನ ಬಿಲ್ ಇದ್ದೇ ಇದೆ. ಮುಚ್ಚದೆ ಬಿಟ್ಟ ಆಪ್ ಟ್ಯಾಬ್ ಕೂಡ ವೇರ್‌ಹೌಸನ್ನ ಸ್ವಲ್ಪ ಹೊತ್ತು ಮಲಗೋಕೆ ಬಿಡಲ್ಲ. ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಕ್ವೆರಿ ಗರಿಷ್ಠ ಎಷ್ಟು ಹೊತ್ತು ಓಡಬಹುದು ಅನ್ನೋ ಮಿತಿ) ನೋಡಿದ್ದೀರಾ? ಡೀಫಾಲ್ಟ್ 1,72,800 ಸೆಕೆಂಡ್, ಅಂದರೆ ಪೂರ್ತಿ 2 ದಿನ! ಆಪ್‌ಗೇ ಪ್ರತ್ಯೇಕ ವೇರ್‌ಹೌಸ್ ಮಾಡಿ ಈ ಮಿತಿಯನ್ನ 120ಕ್ಕೆ ಕಟ್ಟಿಹಾಕಿ.

ಉತ್ತರ 4: ಇಷ್ಟಾದರೂ ಎಳೆದಾಡಿದರೆ ಕ್ವೆರಿ ಪ್ರೊಫೈಲ್ (ಕ್ವೆರಿ ಹೇಗೆ ಓಡಿತು ಅನ್ನೋ ವರದಿ) ತೆರೆದು, ಒಟ್ಟು ಪಾರ್ಟಿಶನ್‌ಗಳಲ್ಲಿ (ಟೇಬಲ್‌ನ ತುಂಡುಗಳಲ್ಲಿ) ಎಷ್ಟು ಸ್ಕ್ಯಾನ್ ಆಗಿವೆ ನೋಡಿ. ಎರಡೂ ಸಂಖ್ಯೆ ಒಂದೇ ಇದ್ದರೆ ಪ್ರೂನಿಂಗ್ (ಬೇಡದ ತುಂಡು ಬಿಟ್ಟು ಓದೋದು) ಆಗ್ತಿಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳೋದು ವೇರ್ ಕ್ಲಾಸ್ (ಕ್ವೆರಿಯ ಷರತ್ತು): ದಿನಾಂಕದ ಕಾಲಮ್‌ಗೆ ಟು-ಚಾರ್ (ಪಠ್ಯಕ್ಕೆ ಬದಲಿಸೋ ಫಂಕ್ಷನ್) ಸುತ್ತಿ '2024-05' ಜೊತೆ ಹೋಲಿಸಿರ್ತಾರೆ. ಕಾಲಮ್ ಬರಿದಾಗಿ ಬಿಟ್ಟು, >= '2024-05-01' ಮತ್ತು < '2024-06-01' ಅಂತ ಬರೆಯಿರಿ. ಪ್ರೊಫೈಲ್‌ನಲ್ಲಿ ರಿಮೋಟ್ ಸ್ಪಿಲ್ (ಮೆಮೊರಿ ಸಾಲದೆ ಡೇಟಾ ದೂರದ ಸ್ಟೋರೇಜ್‌ಗೆ ಉಕ್ಕೋದು) ಕಂಡರೆ ಆಗ ಗಾತ್ರ ಏರಿಸೋದು ಸರಿ. ಕ್ವೆರಿಗಳು ಸರದಿಯಲ್ಲಿ ನಿಂತಿದ್ದರೆ ಬೇಕಿರೋದು ಹೆಚ್ಚು ಕ್ಲಸ್ಟರ್ (ಅದೇ ಗಾತ್ರದ ಇನ್ನಷ್ಟು ಗುಂಪು).

ಉತ್ತರ 5: ಹಂಚೋ ಮುಂಚೆ ಒಂದು ಮಾತು. ಈ ಆಪ್ ಸಾಮಾನ್ಯವಾಗಿ ಓಡೋದು (ರೋಲ್ ಅಂದರೆ ಹಕ್ಕುಗಳ ಕಟ್ಟು) ಮಾಲೀಕ ರೋಲ್‌ನ ಹಕ್ಕಿನಲ್ಲಿ, ನೋಡುವವರ ರೋಲ್‌ನಲ್ಲಲ್ಲ. ಕರೆಂಟ್-ರೋಲ್ (ಈಗ ಓಡ್ತಿರೋ ರೋಲ್) ನೋಡಿ ಸಾಲು ಮುಚ್ಚೋ ಪಾಲಿಸಿ ಬರೆದಿದ್ದರೆ, ಮಾಲೀಕರಿಗೆ ಕಾಣೋದೆಲ್ಲ ಎಲ್ಲರಿಗೂ ಕಾಣುತ್ತೆ. ಅಕೌಂಟ್‌-ಅಡ್ಮಿನ್‌ನಲ್ಲಿ (ಅಕೌಂಟ್‌ನ ಅತಿ ಹೆಚ್ಚು ಹಕ್ಕಿನ ರೋಲ್) ಆಪ್ ಸೃಷ್ಟಿಸಲೇಬೇಡಿ. ಬೇಕಾದ 2-3 ವ್ಯೂಗಳ ಮೇಲೆ ಸೆಲೆಕ್ಟ್ ಮಾತ್ರ ಇರೋ ರೋಲ್ ಮಾಡಿ, ಅದಕ್ಕೆ ಮಾಲೀಕತ್ವ ಕೊಡಿ.